ಸೊಸೆ ಹೇಳಬಾರದ ಹೆಸರು

ಪ್ರಾಂತ್ಯದ ಮೊದಲ ಶಾಸನಸಭೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ನೊಫೆಝಿಲೆ ಮಪೆಕುಲಾ ಹನ್ನೊಂದು ಭಾಷಣ ಮಾಡಿದ್ದಳು. ಹನ್ನೊಂದರಲ್ಲಿ ಒಂದರಲ್ಲೂ ‘ನಾಡು’ ಎಂಬ ಪದ ಇರಲಿಲ್ಲ. ನಾಡೇ ಹೊಸದು, ಅದರ ಬಾವುಟ ಹೊಸದು, ನಾಡಗೀತೆ ಹೊಸದು. ಉಳಿದ ಸದಸ್ಯರು ಉಸಿರಿಗೊಮ್ಮೆ ಆ ಪದ ಆಡುತ್ತಿದ್ದರು. ನೊಫೆಝಿಲೆ ಮಾತ್ರ ‘ನಾವು ಕಾಲೂರಿದ ಜಾಗ’ ಎನ್ನುತ್ತಿದ್ದಳು. ಗಾಜಿನ ಗೂಡಿನಲ್ಲಿ ಕೂತು ಅವಳ ಖೋಸಾ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ ದುಭಾಷಿ ಮೊದಲ ವಾರ ತಡವರಿಸಿದ. ಆಮೇಲೆ ಅವನಿಗೆ ಅರ್ಥವಾಯಿತು. ಅವನ ತಾಯಿಯೂ ಒಂದು ಮನೆಯ ಸೊಸೆಯೇ.

ಮದುವೆಯಾದ ಹೆಣ್ಣು ಮಾವನ ಹೆಸರನ್ನಾಗಲಿ, ಮಾವನ ಅಣ್ಣತಮ್ಮಂದಿರ ಹೆಸರನ್ನಾಗಲಿ ನಾಲಿಗೆಗೆ ತರುವಂತಿಲ್ಲ. ಆ ಹೆಸರಿನ ತುಂಡು ಬೇರೊಂದು ಪದದಲ್ಲಿ ಅಡಗಿದ್ದರೆ ಆ ಪದವನ್ನೂ ಬಿಟ್ಟುಬಿಡಬೇಕು. ನೊಫೆಝಿಲೆಯ ಮಾವ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಆದರೆ ಮಾವನ ತಮ್ಮ ಗಟ್ಟಿಮುಟ್ಟಾಗಿದ್ದರು. ಖೋಸಾದಲ್ಲಿ ಅವರ ಹೆಸರಿನ ಮೊದಲ ಅರ್ಧದ ಅರ್ಥವೇ ‘ನಾಡು’. ಸಾಲದ್ದಕ್ಕೆ ಅವರು ಅದೇ ಸದನದಲ್ಲಿ, ಎದುರು ಪಕ್ಷದ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಜನ ಅವರನ್ನು ಗೌರವದಿಂದ ಕುಲದ ಹೆಸರು ಹಿಡಿದು ಡ್ಲೋಮೊ ಎಂದು ಕರೆಯುತ್ತಿದ್ದರು. ಅವಳಿಗೆ ಅವರು ಚಿಕ್ಕಮಾವ.

ನೊಫೆಝಿಲೆ ಎಂಬ ಹೆಸರೂ ಅವಳಿಗೆ ಗಂಡನ ಮನೆಯವರು ಇಟ್ಟದ್ದು. ಇಪ್ಪತ್ತನೆಯ ವಯಸ್ಸಿನಲ್ಲಿ ಕೇ ನದಿಯಾಚೆಯ ತವರಿನಿಂದ ಬಂದಳು. ಗಂಡ ಚಿನ್ನದ ಗಣಿಯಲ್ಲಿ ದುಡಿದು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಮನೆಗೆ ಮರಳಿ ತೀರಿಕೊಂಡ. ಆಮೇಲೆ ಅವಳು ಊರಿನ ಕುರಿ ಕತ್ತರಿಸುವ ಕೊಟ್ಟಿಗೆಯಲ್ಲಿ ಉಣ್ಣೆ ವಿಂಗಡಿಸುವ ಕೆಲಸಕ್ಕೆ ಸೇರಿದಳು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದಳು. ತುಪ್ಪಟದ ಹೆಗಲ ಭಾಗದಿಂದ ಒಂದು ಎಳೆಗುಚ್ಛ ಕಿತ್ತು, ಎರಡೂ ತುದಿ ಬಿಗಿಯಾಗಿ ಹಿಡಿದು, ಕಿವಿಯ ಬಳಿ ಬೆರಳಿನಿಂದ ಮೀಟುತ್ತಿದ್ದಳು. ಗಟ್ಟಿ ಉಣ್ಣೆ ತಂತಿಯಂತೆ ನುಡಿಯುತ್ತದೆ, ಬರಗಾಲ ಕಂಡ ಕುರಿಯ ಉಣ್ಣೆ ಚರಚರ ಎಂದು ಹರಿಯುತ್ತದೆ. ಅವಳ ಎಣಿಕೆ ತಪ್ಪಿದ್ದನ್ನು ಖರೀದಿದಾರರೂ ಕಂಡಿರಲಿಲ್ಲ. ಕೊಟ್ಟಿಗೆಯ ಸಭೆಗಳನ್ನು ನಡೆಸುವವಳೂ ಅವಳೇ. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿದರೆ ಇಬ್ಬರನ್ನೂ ಆಚೆ ಕಳಿಸುತ್ತಿದ್ದಳು. ಆ ಸುದ್ದಿ ಪಕ್ಷದವರ ಕಿವಿಗೆ ಬಿತ್ತು. ಅಭ್ಯರ್ಥಿಗಳ ಪಟ್ಟಿಯಲ್ಲಿ ಇಪ್ಪತ್ತೆಂಟನೆಯ ಹೆಸರಾಗಿ ಅವಳನ್ನು ಸೇರಿಸಿದರು. ಗೆದ್ದು ಬಂದ ಮೇಲೆ, ಜಗಳ ಬಿಡಿಸಲು ಬರುವವಳು ಎಂದು ಉಪಸಭಾಧ್ಯಕ್ಷೆಯನ್ನಾಗಿ ಮಾಡಿದರು.

ತೊಡಕು ಪೀಠದಲ್ಲಿ ಕೂತ ಮೊದಲ ದಿನವೇ ಶುರುವಾಯಿತು. ಆಗಿನ್ನೂ ಹಾಜರಿ ಕರೆಯುವ ಕೆಲಸ ಪೀಠದಲ್ಲಿದ್ದವರದು. ಅವಳು ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಚಿಕ್ಕಮಾವನ ಹೆಸರು ಬಂದಾಗ ಕಣ್ಣು ಕೆಳಗಿಳಿಸಿ ಮುಂದಿನ ಹೆಸರಿಗೆ ಹೋದಳು. ಬೇಕೆಂದು ಮಾಡಿದ್ದಲ್ಲ, ಮೂವತ್ತೊಂದು ವರ್ಷದ ರೂಢಿ, ನಾಲಿಗೆ ತಾನಾಗಿ ದಾಟಿಕೊಂಡಿತು. ಸದನದ ಕಾರ್ಯದರ್ಶಿ ಫೂರಿ ಹಳೆಯ ಕಾಲದ ಬಿಳಿಯ ಮನುಷ್ಯ, ನಿಯಮದ ಪುಸ್ತಕವನ್ನು ಬೈಬಲ್ಲಿನಂತೆ ಇಟ್ಟುಕೊಂಡವನು. ಕರೆಗೆ ಉತ್ತರ ಕೊಡದವರು ಗೈರುಹಾಜರು. ಹಾಗೆಂದು ಬರೆದ. ಮೂರು ದಿನ ಹೀಗೆಯೇ ಆಯಿತು. ನಾಲ್ಕನೆಯ ದಿನ ಚಿಕ್ಕಮಾವನಿಗೆ ನೋಟಿಸು ಹೋಯಿತು: ಸಭೆಗೆ ಬಾರದಿರಲು ಕಾರಣವೇನು?

ಚಿಕ್ಕಮಾವ ಆ ಕಾಗದವನ್ನು ಸದನದಲ್ಲೇ ಓದಿದರು.

“ಮೂರು ದಿನದಿಂದ ಇದೇ ಕುರ್ಚೀಲಿ ಕೂತಿದ್ದೀನಿ. ಈಗ ನನಗೇ ಅನುಮಾನ ಬಂದಿದೆ. ಪಕ್ಕದವನೇ, ಒಂದ್ಸಲ ಚಿವುಟಿ ನೋಡಯ್ಯ, ನಾನು ಇದ್ದೀನಾ?”

ಸದನ ನಕ್ಕಿತು. ನೊಫೆಝಿಲೆಯೂ ತಲೆವಸ್ತ್ರದ ಅಂಚು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಂದಿನಿಂದ ಹಾಜರಿಯನ್ನು ಫೂರಿಯೇ ಕರೆಯತೊಡಗಿದ. ನಗುವಿನಲ್ಲಿ ವಿಷಯ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಚಿಕ್ಕಮಾವ ಅಂದುಕೊಳ್ಳಲಿಲ್ಲ. ಸೊಸೆಯ ಬೇಲಿಯಲ್ಲಿ ಎಲ್ಲಿ ಕಿಂಡಿಯಿದೆ ಎಂದು ಅವರಿಗೆ ಗೊತ್ತಾಗಿತ್ತು.

ಮುಂದಿನ ವರ್ಷದ ಜೂನಿನಲ್ಲಿ ಮನೆ ನಿವೇಶನದ ಮಸೂದೆ ಬಂತು. ಹಳ್ಳಿಗಳಲ್ಲಿ ಗಂಡ ಸತ್ತ ಹೆಂಗಸು ಅದೇ ಮನೆಯಲ್ಲಿ ಉಳಿಯಬೇಕಾದರೆ ಮುಖ್ಯಸ್ಥನ ಮುದ್ರೆ ಬೇಕಾಗಿತ್ತು. ಮುದ್ರೆ ಬೀಳದಿದ್ದರೆ ಗುಡಿಸಲು, ತೋಟ, ದೊಡ್ಡಿ ಎಲ್ಲವೂ ಮೈದುನನಿಗೆ. ಇನ್ನು ಮುಂದೆ ಮುದ್ರೆ ಬೇಡ, ನಿವೇಶನವನ್ನು ಹೆಂಗಸು ತನ್ನ ಹೆಸರಿನಲ್ಲೇ ಬರೆಸಿಕೊಳ್ಳಬಹುದು ಎನ್ನುವುದು ಮಸೂದೆ. ಚಿಕ್ಕಮಾವ ಮೂವತ್ತು ವರ್ಷದಿಂದ ತಮ್ಮ ಭಾಗದ ಮುಖ್ಯಸ್ಥರು. ಆ ಮುದ್ರೆ ಅವರ ಕೋಟಿನ ಒಳಜೇಬಿನಲ್ಲಿತ್ತು. ನೊಫೆಝಿಲೆಯ ಮನೆಯ ಚೀಟಿಯ ಮೇಲೆ ಬಿದ್ದದ್ದೂ ಅದೇ.

ಸಭಾಧ್ಯಕ್ಷರು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಪೀಠ ದಿನವೂ ಅವಳದೇ. ಚರ್ಚೆ ಆರಂಭವಾದ ದಿನ ಚಿಕ್ಕಮಾವ ಅನುಮತಿ ಕೇಳದೆ ಎದ್ದು, ಊರುಗೋಲು ನೆಲಕ್ಕೆ ಕುಟ್ಟುತ್ತ ಮಾತು ಶುರು ಮಾಡಿದರು. ನಲವತ್ತು ನಿಮಿಷವಾದರೂ ಕೂರಲಿಲ್ಲ. ಮೂರು ಸಲ ಎಚ್ಚರಿಕೆ ಕೊಟ್ಟಾಯಿತು. ಇನ್ನು ಉಳಿದದ್ದು ಅರವತ್ತೊಂದನೆಯ ನಿಯಮ: ಆದೇಶ ಮೀರಿದ ಸದಸ್ಯನನ್ನು ಪೀಠದಲ್ಲಿರುವವರು ಹೆಸರು ಹಿಡಿದು ಕರೆದು ಹೊರಗೆ ಕಳಿಸತಕ್ಕದ್ದು.

“ಡ್ಲೋಮೊ ಅವರೇ, ಸದನದಿಂದ ಹೊರಗೆ ಹೋಗಿ,” ಎಂದಳು.

“ಯಾವ ಡ್ಲೋಮೊ?” ಚಿಕ್ಕಮಾವ ಸುತ್ತ ನೋಡಿದರು. “ಆ ಕುಲದವರು ಇಲ್ಲಿ ಐದು ಜನ ಇದ್ದೀವಿ. ಏಳ್ರಪ್ಪಾ, ಯಾರನ್ನ ಓಡಿಸ್ತಾಳೋ ನೋಡೋಣ.”

ಎರಡೂ ಪಕ್ಷಗಳಿಂದ ನಾಲ್ಕು ಜನ ಎದ್ದು ನಿಂತು ಟೋಪಿ ತೆಗೆದಂತೆ ನಟಿಸಿ ಬಾಗಿದರು. ಅವರಲ್ಲಿ ಒಬ್ಬ ಅವಳ ಪಕ್ಷದವನೇ.

“ಮಪೆಕುಲಾ ಅವರೇ...”

“ಅದು ನಿನ್ನ ಹೆಸರೂ ಹೌದಲ್ಲಮ್ಮ, ಸೊಸೆ! ನೀನೇ ಹೋಗು. ಬಾಗಿಲು ಆ ಕಡೆ.”

ಆ ದಿನ ಸದನವನ್ನು ಮುಂದೂಡದೆ ಬೇರೆ ದಾರಿ ಇರಲಿಲ್ಲ. ಅಧಿವೇಶನದಲ್ಲಿ ಉಳಿದದ್ದು ಒಂದೇ ದಿನ, ಮುಂದಿನ ಮಂಗಳವಾರ. ಅಂದು ಮತಕ್ಕೆ ಹಾಕದಿದ್ದರೆ ಮಸೂದೆ ಬಿದ್ದುಹೋಗುತ್ತಿತ್ತು.

ಆಡಳಿತ ಪಕ್ಷದ ಮುಖ್ಯ ಸಚೇತಕ ಮಖಾಯಾ ಮೂವತ್ತನಾಲ್ಕು ವರ್ಷದವನು, ಯಾವಾಗಲೂ ಅವಸರ. ಸಂಜೆ ಅವಳ ಕೋಣೆಗೆ ಬಂದು ಕೂರದೆಯೇ ಹೇಳಿದ.

“ಅಕ್ಕಾ, ಮಂಗಳವಾರ ನೀವು ಪೀಠದಲ್ಲಿ ಕೂರಬೇಡಿ. ಹುಷಾರಿಲ್ಲ ಅಂತ ಒಂದು ಚೀಟಿ ಕೊಟ್ಟುಬಿಡಿ. ಪೀಠಕ್ಕೆ ಬರೋರ ಪಟ್ಟಿಯಲ್ಲಿ ಮೂರನೆಯವರು ಕೂರ್ತಾರೆ. ಗಂಡಸು. ಹೆಸರು ಹೇಳ್ತಾರೆ, ಮುದುಕ ಹೋಗ್ತಾನೆ, ಮಸೂದೆ ಪಾಸು.”

“ಹುಷಾರಾಗಿದ್ದೀನಲ್ಲ.”

“ಅಕ್ಕಾ!”

“ಹೆಂಗಸಿನ ಮನೆ ಹೆಂಗಸಿನ ಹೆಸರಲ್ಲಿರಲಿ ಅನ್ನೋ ಮಸೂದೆ. ಅದನ್ನ ಪಾಸು ಮಾಡೋಕೆ ಹೆಂಗಸು ಕುರ್ಚಿ ಬಿಟ್ಟು ಗಂಡಸನ್ನ ಕೂರಿಸಬೇಕಾ? ಇದನ್ನ ನೀನು ನಗದೆ ಹೇಳಿ ತೋರಿಸು, ನೋಡೋಣ.”

ಮಖಾಯಾ ಕೈಗಡಿಯಾರ ನೋಡಿಕೊಂಡ. “ನಿಮಗೆ ಆ ಹೆಸರು ಬಾಯಿಗೆ ಬರುತ್ತಾ? ಅಷ್ಟು ಹೇಳಿ.”

“ಇವತ್ತು ಬರಲಿಲ್ಲ.”

“ಮತ್ತೆ?”

“ಇವತ್ತು ಗುರುವಾರ. ಮಂಗಳವಾರದೊಳಗೆ ಬಾಯಿಗೆ ಬಂದರೆ ಪೀಠ ನನ್ನದು. ಬಾರದೆ ಹೋದರೆ ಈ ಅವಧಿ ಮುಗಿಯೋವರೆಗೂ ಅದರ ಹತ್ತಿರ ಸುಳಿಯಲ್ಲ. ಬರೆದುಕೋ.”

ಅವನು ನಿಜಕ್ಕೂ ಬರೆದುಕೊಂಡ.

ಶುಕ್ರವಾರ ಅವಳು ಊರಿಗೆ ಹೋದಳು. ಅತ್ತೆಗೆ ಎಂಬತ್ತು ದಾಟಿತ್ತು. ದುಂಡು ಮನೆಯ ಗೋಡೆಗೆ ಒರಗಿ ಬಿಸಿಲಿನಲ್ಲಿ ಕೂತು, ಮೊಳದುದ್ದದ ಹೊಗೆ ಕೊಳವೆ ಎಳೆಯುತ್ತಿದ್ದಳು. ಸದನದಲ್ಲಿ ನಡೆದದ್ದು ರೇಡಿಯೋ ಮೂಲಕ ಅವಳನ್ನು ಮುಟ್ಟಿತ್ತು.

“ನನ್ನ ಮೈದುನ ಚಿಕ್ಕವನಿದ್ದಾಗಲೂ ಹೀಗೇ,” ಎಂದಳು ಮುದುಕಿ. “ತಾನು ಸೋಲುವಂಥ ಆಟ ಆಡ್ತಿರಲಿಲ್ಲ.”

“ಅತ್ತೆ, ಹೆಸರು ಹೇಳಿಬಿಟ್ಟರೆ ಏನಾಗುತ್ತೆ?”

“ಏನಾಗುತ್ತೆ? ತವರಿಗೆ ಹೋಗಬೇಕು, ಒಂದು ಮೇಕೆ ತಂದು ಕೊಡಬೇಕು, ಬಾಯಿ ತೊಳೆದ ಹಾಗೆ. ನಾನೂ ಒಂದ್ಸಲ ತಂದಿದ್ದೀನಿ. ನನ್ನ ಮಾವ ಆ ಮರದ ಕೆಳಗೆ ನಿದ್ದೆ ಮಾಡ್ತಿದ್ರು. ಕಾಲ ಹತ್ರ ಇಷ್ಟುದ್ದ ಹಾವು. ‘ಮಾವಾ, ಮಾವಾ’ ಅಂತ ನಾಲ್ಕು ಸಲ ಕೂಗಿದೆ. ಏಳಲಿಲ್ಲ. ಹೆಸರು ಹಿಡಿದು ಕೂಗಿದೆ. ಎದ್ರು, ಹಾವು ಹೊಡೆದ್ರು, ಕೋಲು ಒರೆಸಿ ಇಟ್ರು, ಆಮೇಲೆ ನನ್ನ ಕಡೆ ತಿರುಗಿ ‘ನಡಿ, ಮೇಕೆ ತಾ’ ಅಂದ್ರು.”

“ಜೀವ ಉಳಿಸಿದವಳಿಗೆ?”

“ಹಾವಿನ ಲೆಕ್ಕ ಬೇರೆ, ಹೆಸರಿನ ಲೆಕ್ಕ ಬೇರೆ ಅಂದ್ರು.”

ನೊಫೆಝಿಲೆ ಶಾಲಿನ ಅಂಚಿನ ಒಂದು ಎಳೆ ಹಿಡಿದು ಬಿಡಿಸತೊಡಗಿದಳು. ಅವಳು ಯಾವುದನ್ನೇ ಆಗಲಿ ಬಿಡಿಸಿ, ಎಳೆ ಎಳೆಯಾಗಿ ಜೋಡಿಸಿಕೊಂಡು ನೋಡುವವಳು. ತಪ್ಪಿದೆ, ತಪ್ಪಿಗೆ ದಂಡವಿದೆ, ದಂಡ ಕೊಟ್ಟರೆ ಬಾಯಿ ಶುದ್ಧ. ಯಾವುದು ಮೊದಲು ಬರಬೇಕು ಎಂದು ಯಾರೂ ಹೇಳಿದ್ದು ಅವಳಿಗೆ ನೆನಪಿರಲಿಲ್ಲ.

“ಅತ್ತೆ, ಮೇಕೆ ಮೊದಲು ಬಂದು ಹೆಸರು ಆಮೇಲೆ ಬಂದರೆ?”

ಮುದುಕಿ ಕೊಳವೆಯನ್ನು ಬಾಯಿಂದ ತೆಗೆದಳು. “ಇಂಥ ಪ್ರಶ್ನೆ ಕೇಳೋ ಸೊಸೆ ಈ ಮನೆಗೆ ಇದುವರೆಗೂ ಬಂದಿರಲಿಲ್ಲ.” ಇನ್ನೆರಡು ಸಲ ಹೊಗೆ ಎಳೆದು ಯೋಚಿಸಿದಳು. “ಬಿಳೀದು ತಾ. ಕೊಂಬು, ಕಿವಿ ಎಲ್ಲ ನೆಟ್ಟಗಿರಲಿ. ಏನಾದರೂ ಊನ ಇದ್ದರೆ ಅದನ್ನೇ ಹಿಡಕೊಂಡು ವರ್ಷಗಟ್ಟಲೆ ಕೂರ್ತಾನೆ.”

ಶನಿವಾರ ತವರಿನಿಂದ ಬಿಳಿ ಹೋತ ಬಂತು. ಅವಳೇ ಹೋಗಿದ್ದಳು. ಅವಳ ತಮ್ಮ ಕಾರಣ ಕೇಳಿದ, ಅವಳು ಹೇಳಿದಳು, ಅವನು ಹಟ್ಟಿಯಲ್ಲಿದ್ದ ಅತ್ಯಂತ ದೊಡ್ಡದನ್ನೇ ಹಿಡಿದು ಕೊಟ್ಟ. ಮಿನಿಬಸ್ಸಿನ ಹಿಂದಿನ ಸೀಟಿನಲ್ಲಿ, ಕುತ್ತಿಗೆವರೆಗೆ ಗೋಣಿಚೀಲ ಕಟ್ಟಿಸಿಕೊಂಡು ಹೋತ ಅವಳ ಪಕ್ಕ ಕೂತಿತ್ತು.

“ಶಾಸಕಿ ಆದ ಮೇಲೂ ಮೇಕೆ ಜೊತೆ ಓಡಾಡ್ತೀರಲ್ಲಮ್ಮ,” ಎಂದ ಡ್ರೈವರ್.

“ಸರ್ಕಾರಿ ಕೆಲಸಾನೇ ಕಣಪ್ಪ.”

ಚಿಕ್ಕಮಾವನ ಅಂಗಳದಲ್ಲಿ ಇಬ್ಬರು ಹಿರಿಯರು ಕೂತಿದ್ದರು. ಮೂವರ ನಡುವೆ ಮೆಕ್ಕೆಜೋಳದ ಬಿಯರಿನ ಬೋಗುಣಿ ಸುತ್ತುತ್ತಿತ್ತು. ದನದ ದೊಡ್ಡಿಗೂ ದೊಡ್ಡ ಮನೆಗೂ ನಡುವಿನ ಜಾಗವನ್ನು ಸೊಸೆಯರು ದಾಟಬಾರದು. ನೊಫೆಝಿಲೆ ಹೆಗಲಿನ ಮೇಲೆ ಶಾಲು ಹೊದ್ದು, ಕೆಳಗಿನ ಬದಿಯಿಂದ ಸುತ್ತಿ ಬಂದು, ಹೋತವನ್ನು ದೊಡ್ಡಿಯ ಕಂಬಕ್ಕೆ ಕಟ್ಟಿ ಮೊಣಕಾಲೂರಿದಳು.

“ಮಾವ, ಬಾಯಿ ತೊಳೆಯೋಕೆ ತಂದಿದ್ದೀನಿ.”

ಚಿಕ್ಕಮಾವನ ಮುಖ ಅರಳಿತು. “ಬಾಯಿ ಜಾರಿತಾ? ಯಾವಾಗ?”

“ಇನ್ನೂ ಇಲ್ಲ. ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಮೇಲೆ.”

ಬೋಗುಣಿ ಹಿಡಿದಿದ್ದ ಹಿರಿಯನಿಗೆ ನಗು ತಡೆಯಲಾಗದೆ ಬಿಯರು ಮೂಗಿಗೆ ಹತ್ತಿತು. ಚಿಕ್ಕಮಾವ ಅವನನ್ನು ದುರುಗುಟ್ಟಿ ನೋಡಿದರು.

“ಕದಿಯೋ ಮುಂಚೆ ದಂಡ ಕಟ್ಟೋ ಕಳ್ಳೀನ ಇವತ್ತೇ ನೋಡಿದ್ದು. ತೊಗೊಂಡು ಹೋಗು ಅದನ್ನ.”

“ಕಟ್ಟಿ ಆಯ್ತು ಮಾವ. ಮಂಗಳವಾರ ನೀವು ನಿಮ್ಮ ಸರದಿ ಬಂದಾಗ ಮಾತಾಡಿ ಕೂತರೆ ಬಾಯಿ ಜಾರೋ ಪ್ರಮೇಯನೇ ಇಲ್ಲ. ಆಗಲೂ ಹೋತ ನಿಮ್ಮದೇ. ಈ ಇಬ್ಬರು ಹಿರಿಯರು ನೋಡಿದ್ದಾರೆ, ಅಷ್ಟು ಸಾಕು.”

“ಹೆದರಿಸ್ತೀಯಾ ನನ್ನನ್ನ?”

“ಸೊಸೆ ಮಾವನ್ನ ಹೆದರಿಸೋಕಾಗುತ್ತಾ? ದಂಡ ತಂದಿದ್ದೀನಿ.”

ಅವಳು ಬಂದ ದಾರಿಯಲ್ಲೇ ಸುತ್ತಿ ಹೊರಟಳು. ಹಿಂದಿನಿಂದ ಹಿರಿಯನ ದನಿ ಕೇಳಿಸಿತು: “ಬಿಚ್ಚಬೇಡ ಡ್ಲೋಮೊ. ತವರಿಂದ ಬಂದ ಪ್ರಾಣೀನ ತಿರುಗಿಸಿ ಕಳಿಸಿದರೆ ನಿನ್ನ ಮನೆಗೇ ಕೆಟ್ಟದ್ದು.”

ಮಂಗಳವಾರ ಸದನದಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ಉಣ್ಣೆ ಕೊಟ್ಟಿಗೆಯ ಹೆಂಗಸರು ಹದಿನೇಳು ಜನ ಬಂದು ಕೂತಿದ್ದರು. ಎರಡೂಕಾಲು ಗಂಟೆಗೆ ಮಖಾಯಾ ಮತದ ಪ್ರಸ್ತಾವ ಮಂಡಿಸಿದ. ಎರಡೂ ಇಪ್ಪತ್ತಕ್ಕೆ ಚಿಕ್ಕಮಾವ ಎದ್ದರು. ಅನುಮತಿ ಕೇಳಲಿಲ್ಲ. ಊರುಗೋಲು ಕುಟ್ಟಿದರು. ಮನೆ ಎಂದರೇನು, ಕುಲ ಎಂದರೇನು, ಹೆಂಗಸಿನ ಹೆಸರಿಗೆ ನೆಲ ಬರೆದರೆ ಸತ್ತ ಹಿರಿಯರು ಯಾರ ಅಂಗಳಕ್ಕೆ ಬರಬೇಕು ಎಂದು ಗುಡುಗಿದರು. ಮಾತಿನಲ್ಲಿ ಬಲವಿತ್ತು, ಗ್ಯಾಲರಿಯ ಹೆಂಗಸರಲ್ಲೂ ಒಂದಿಬ್ಬರು ತಲೆ ತಗ್ಗಿಸಿದರು.

ಒಂದು ಎಚ್ಚರಿಕೆ. ಎರಡು. ಮೂರು.

“ಸದಸ್ಯರು ಕುಳಿತುಕೊಳ್ಳಬೇಕು,” ಎಂದಳು.

“ಯಾವ ಸದಸ್ಯ? ಅವನಿಗೆ ಹೆಸರಿಲ್ಲವಾ? ಹೇಳಮ್ಮ, ಕೇಳಿಸಿಕೊಳ್ತೀನಿ!”

ಎದುರು ಪಕ್ಷದವರು ಮೇಜು ಕುಟ್ಟಿದರು. ಫೂರಿ ಒಂದು ಹಾಳೆಯ ಮೇಲೆ ಆ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಓದಿಬಿಡಿ ಎಂಬಂತೆ ಮೆಲ್ಲಗೆ ಅವಳ ಮುಂದೆ ಸರಿಸಿದ. ಸಜ್ಜನಿಕೆಯಿಂದಲೇ ಮಾಡಿದ್ದು. ಅವಳು ಹಾಳೆಯನ್ನು ಮಗುಚಿಟ್ಟಳು. ನಾಲಿಗೆ ಹಲ್ಲಿನ ಹಿಂದೆ ಕಲ್ಲಿನಂತೆ ಕೂತಿತ್ತು. ಮದುವೆಯ ವಾರ ಅತ್ತೆ ಕೂರಿಸಿಕೊಂಡು ಹೇಳಬಾರದ ಹೆಸರುಗಳನ್ನು ಕಿವಿಯಲ್ಲಿ ಒಂದೊಂದಾಗಿ ಉಸುರಿದ್ದಳು. ಆಮೇಲೆ ಅವಳು ಅವನ್ನು ಕನಸಿನಲ್ಲೂ ಆಡಿರಲಿಲ್ಲ. ಎದ್ದು ನಿಂತಳು.

“ಮಾನ್ಯ ಜ್ವೆಲಿಬಾಂಝಿ ಮಪೆಕುಲಾ ಅವರೇ, ಸದನದಿಂದ ಹೊರಗೆ ಹೋಗಿ.”

ಮೇಜು ಕುಟ್ಟುತ್ತಿದ್ದ ಕೈಗಳು ಇದ್ದಲ್ಲೇ ನಿಂತವು. ಗ್ಯಾಲರಿಯಲ್ಲಿ ಯಾರೋ “ಅಯ್ಯೋ” ಎಂದರು. ಗಾಜಿನ ಗೂಡಿನ ದುಭಾಷಿ ಅನುವಾದಿಸುವುದನ್ನೇ ಮರೆತ. ಖೋಸಾ ತಿಳಿಯದ ಆರು ಸದಸ್ಯರು ಯಂತ್ರ ಕೆಟ್ಟಿತೆಂದು ಕಿವಿಗೆ ಹಾಕಿಕೊಂಡದ್ದನ್ನು ತಟ್ಟಿ ನೋಡಿದರು.

“ಏನಂದೆ?” ಎಂದರು ಚಿಕ್ಕಮಾವ. ಅವರ ದನಿ ಸಣ್ಣಗಾಗಿತ್ತು.

“ಜ್ವೆಲಿಬಾಂಝಿ ಮಪೆಕುಲಾ. ಇದು ಎರಡನೆಯ ಸಲ. ಮೂರನೆಯ ಸಲ ಹೇಳಿಸಿದರೆ ಐದು ದಿನದ ಅಮಾನತು ಹದಿನೈದಾಗುತ್ತದೆ. ನಿಯಮ ಅರವತ್ತೆರಡು.”

“ನೀನು ತಂದದ್ದು ಒಂದೇ ಮೇಕೆ!”

“ತಮ್ಮನ ಹಟ್ಟಿ ದೊಡ್ಡದಿದೆ ಮಾವ.”

ಪೀಠದಿಂದ ಆಡುವ ಮಾತಲ್ಲ ಅದು. ಸದನದ ದಾಖಲೆಯಲ್ಲಿ ಇಂದಿಗೂ ಹಾಗೆಯೇ ಇದೆ. ಮೊದಲು ನಕ್ಕವರು ಉಣ್ಣೆ ಕೊಟ್ಟಿಗೆಯ ಹೆಂಗಸರು, ಆಮೇಲೆ ಇಡೀ ಸದನ. ಚಿಕ್ಕಮಾವ ನಗು ಅಡಗುವವರೆಗೆ ನಿಂತೇ ಇದ್ದರು. ಆಮೇಲೆ ಟೋಪಿ ಹಾಕಿಕೊಂಡು, ಬೆನ್ನು ಬಾಗಿಸದೆ ನಡೆದು ಹೋದರು. ಮೂರೂ ಇಪ್ಪತ್ತಕ್ಕೆ ಮತ ಎಣಿಸಿದರು. ಪರ ಇಪ್ಪತ್ತೇಳು, ವಿರೋಧ ಇಪ್ಪತ್ತೊಂದು.

ಊರು ಅಷ್ಟು ಸುಲಭವಾಗಿ ಬಿಡಲಿಲ್ಲ. ಕುಲದ ಗಂಡಸರು ದೊಡ್ಡಿಯ ಬಳಿ ಸೇರಿ ಅವಳನ್ನು ಕರೆಸಿದರು. ಕ್ಷಮೆ ಕೇಳು ಎಂದರು.

“ತಪ್ಪು ಮಾಡಿದ್ದೀನಿ, ಒಪ್ಪಿದೆ. ದಂಡ ತಂದು ಕಟ್ಟಿದ್ದೀನಿ. ದಂಡ ಕೊಟ್ಟವಳ ಕೈಲಿ ಕ್ಷಮೆಯನ್ನೂ ಕೇಳಿಸೋದು ಯಾವ ಹಿರಿಯರ ಕಾಲದ ಪದ್ಧತಿ? ಹೇಳಿ, ನಾನೂ ಕಲೀತೀನಿ.”

ಗಂಡಸರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಆದರೂ ಆ ಜೂನ್-ಜುಲೈ ಚಳಿಗಾಲದ ಎರಡು ಮದುವೆಗಳಿಗೆ ಅವಳಿಗೆ ಕರೆ ಬರಲಿಲ್ಲ. ಅವಳ ಜೊತೆಯಲ್ಲೇ ಸೊಸೆಯಾಗಿ ಬಂದ ಓರಗಿತ್ತಿ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಅದು ಮಾತ್ರ ಅವಳನ್ನು ನೋಯಿಸಿತು. ಹಾಗೆಂದು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಚಿಕ್ಕಮಾವ ಹೋತವನ್ನು ಕಡಿಯಲೂ ಇಲ್ಲ, ಹಿಂದಕ್ಕೆ ಕಳಿಸಲೂ ಇಲ್ಲ. ಅದು ಅವರ ಮಂದೆಯಲ್ಲಿ ಮೇಯುತ್ತ ಕೊಬ್ಬಿತು. ಕಡಿದರೆ ದಂಡ ಒಪ್ಪಿದಂತೆ, ಕಳಿಸಿದರೆ ಮನೆಗೆ ಕೆಟ್ಟದ್ದು. ಎರಡರ ನಡುವೆ ಹೋತ ಬದುಕಿಕೊಂಡಿತು.

ಸೆಪ್ಟೆಂಬರಿನಲ್ಲಿ ಮುಂದಿನ ಅಧಿವೇಶನ. ಸದನ ಸೇರಿದ ದಿನಗಳ ಲೆಕ್ಕದಲ್ಲಿ ಐದು ದಿನದ ಅಮಾನತು ಮುಗಿಸಿ ಆರನೆಯ ದಿನ ಚಿಕ್ಕಮಾವ ಬಂದು ತಮ್ಮ ಜಾಗದಲ್ಲಿ ಕೂತರು. ಸಭಾಧ್ಯಕ್ಷರ ಕಾಲು ಇನ್ನೂ ಕೂಡಿರಲಿಲ್ಲ. ಪೀಠದಲ್ಲಿ ನೊಫೆಝಿಲೆಯೇ ಇದ್ದಳು. ಹಳ್ಳವೊಂದಕ್ಕೆ ಸೇತುವೆ ಕಟ್ಟುವ ಚರ್ಚೆ ನಡೆಯುತ್ತಿತ್ತು. ಚಿಕ್ಕಮಾವ ಕೈ ಎತ್ತಿದರು. ಸದನ ಸೇರಿದಾಗಿನಿಂದ ಅವರು ಕೈ ಎತ್ತಿದ್ದು ಅದೇ ಮೊದಲು. ತೋಳು ಪೂರ್ತಿ ಮೇಲೇರಲಿಲ್ಲ, ಭುಜದ ಮಟ್ಟಕ್ಕೆ ನಿಂತಿತು.

“ಮೂರು ನಿಮಿಷ,” ಎಂದಳು.

ಅವರು ಎದ್ದರು. ಏನೆಂದು ಕರೆಯಬೇಕೋ ತಿಳಿಯದೆ ಒಂದು ಗಳಿಗೆ ತಡೆದರು. “ಸಭಾಧ್ಯಕ್ಷರೇ,” ಎಂದರು ಕೊನೆಗೆ, ಕಹಿ ಗುಳಿಗೆ ನುಂಗಿದವರಂತೆ. ಸೇತುವೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಮಳೆಗಾಲದಲ್ಲಿ ಶವದ ಪೆಟ್ಟಿಗೆ ಹೊತ್ತವರು ಹಳ್ಳದ ದಡದಲ್ಲಿ ಎರಡು ದಿನ ಕಾಯುವುದನ್ನು ಅವರಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿರಲಿಲ್ಲ. ನೊಫೆಝಿಲೆ ಅದನ್ನು ಗುರುತು ಹಾಕಿಕೊಂಡಳು. ಮೂರು ನಿಮಿಷವಾಯಿತು.

“ಸಮಯ ಮುಗಿಯಿತು.”

“ಇನ್ನೆರಡು ಮಾತು ಅಷ್ಟೇ. ನಾನು ಹುಡುಗನಾಗಿದ್ದಾಗ...”

“ಮುಗಿಯಿತು.”

“ಹುಡುಗನಾಗಿದ್ದಾಗ ಆ ಹಳ್ಳದಲ್ಲಿ...”

ನೊಫೆಝಿಲೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ಎದ್ದು, ಉಸಿರು ಎಳೆದುಕೊಂಡು ಬಾಯಿ ತೆರೆದಳು.

ಚಿಕ್ಕಮಾವ ಅವಳ ತುಟಿಗಳನ್ನೇ ನೋಡಿದರು. ಕೂತರು.

“ಮುಂದಿನ ಸದಸ್ಯರು,” ಎಂದಳು.